ಮರಕ್ಕೆ ಎಕ್ಸ್‌ಆರ್‌ಡಿ ಮಾಡಿಸಿದೆ: ಮೆಷಿನ್‌ಗೆ ಫುಲ್ ಮಾರ್ಕ್ಸ್, ರಿಪೋರ್ಟ್‌ಗೆ ಪಾಸ್ ಮಾರ್ಕ್ಸ್

ಮರದ ಸ್ಯಾಂಪಲ್‌ಗೆ ಎಕ್ಸ್‌ಆರ್‌ಡಿ (ಎಕ್ಸ್‌ರೇ ಹಾಯಿಸಿ ಒಳಗಿನ ಸ್ಫಟಿಕ ರಚನೆ ನೋಡುವ ಪರೀಕ್ಷೆ) ಮಾಡಿಸಬೇಕು, ಬೆಂಗಳೂರಿನಲ್ಲಿ ಎಲ್ಲಿ ಚೆನ್ನಾಗಿ ಮಾಡಿಕೊಡುತ್ತಾರೆ ಅಂತ ಕೇಳುವವರು ಈಗೀಗ ಜಾಸ್ತಿ ಆಗಿದ್ದಾರೆ. ಬಿದಿರಿನ ಮೇಲೆ ಪಿಎಚ್‌ಡಿ ಮಾಡುವವರು, ನಾರಿನ ಕಾಂಪೋಸಿಟ್ ಮಾಡುವವರು, ಅಡಿಕೆ ಸಿಪ್ಪೆಯಿಂದ ಸೆಲ್ಯುಲೋಸ್ ತೆಗೆಯುವವರು, ಎಲ್ಲರಿಗೂ ಬೇಕಾದದ್ದು ಒಂದೇ ನಂಬರ್. ಸೆಲ್ಯುಲೋಸ್‌ನ ಕ್ರಿಸ್ಟಲಿನಿಟಿ, ಅಂದರೆ ಅದರಲ್ಲಿ ಸ್ಫಟಿಕವಾಗಿರುವ ಪಾಲು, ಎಷ್ಟು ಪರ್ಸೆಂಟ್? ನಾನು ದುಡ್ಡು ಕೊಟ್ಟು ಮಾಡಿಸಿದ ಒಂದು ಖಾಸಗಿ ಟೆಸ್ಟಿಂಗ್ ಲ್ಯಾಬ್‌ನ ಸರ್ವಿಸ್ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ನನ್ನ ದೂರು ಆ ಒಂದು ಲ್ಯಾಬ್‌ಗೆ ಮಾತ್ರ ಸೇರಿದ್ದಲ್ಲ, ಪುಡಿ ಕೊಡಿ ನಂಬರ್ ತಗೊಳ್ಳಿ ಎನ್ನುವ ಪದ್ಧತಿಗೇ ಸೇರಿದ್ದು.

ತೀರ್ಪು ಮೊದಲೇ ಹೇಳುತ್ತೇನೆ, ಪೂರ್ತಿ ಓದಲು ಪುರುಸೊತ್ತು ಇಲ್ಲದವರಿಗೆ. ಮೆಷಿನ್ ಒಳ್ಳೆಯದು, ಹುಡುಗರು ಒಳ್ಳೆಯವರು, ಟೈಮಿಗೆ ಸರಿಯಾಗಿ ಕೊಡುತ್ತಾರೆ. ಆದರೆ ಮರವನ್ನು ಹೇಗೆ ಪುಡಿ ಮಾಡಿದರು, ಹೋಲ್ಡರ್‌ನಲ್ಲಿ (ಸ್ಯಾಂಪಲ್ ತುಂಬಿಡುವ ತಟ್ಟೆ) ನಾರು ಯಾವ ಕಡೆ ಮಲಗಿತ್ತು ಎನ್ನುವ ಎರಡು ಸಾಲು ರಿಪೋರ್ಟ್‌ನಲ್ಲಿ ಇಲ್ಲ. ಆ ಎರಡು ಸಾಲು ಇಲ್ಲದೆ ಅವರು ಕೊಡುವ ಪರ್ಸೆಂಟಿಗೆ ಅರ್ಥವೇ ಇಲ್ಲ. ಐದಕ್ಕೆ ಮೂರು ಸ್ಟಾರ್.

ನನ್ನ ಕೆಲಸ ಏನು ಅಂತ ಚಿಕ್ಕದಾಗಿ ಹೇಳುತ್ತೇನೆ. ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್, ಮಲೆನಾಡಿನ ಅಕೇಶಿಯಾ. ಇವೆರಡನ್ನು ಬಿಸಿಗೆ ಒಡ್ಡಿ ಬಾಳಿಕೆ ಹೆಚ್ಚಿಸುವುದು, ಅಂದರೆ 160ರಿಂದ 220 ಡಿಗ್ರಿ ನಡುವೆ ಗಾಳಿ ಕಡಿಮೆ ಮಾಡಿ ಕಾಯಿಸುವುದು. ಕಾಯಿಸಿದ ಮರಕ್ಕೂ ಕಾಯಿಸದ ಮರಕ್ಕೂ ಸೆಲ್ಯುಲೋಸ್‌ನಲ್ಲಿ ಏನು ವ್ಯತ್ಯಾಸ ಆಗಿದೆ ಅಂತ ನೋಡಬೇಕಿತ್ತು. ಅಂದರೆ ಒಂದು ನಂಬರ್ ಸಾಕಾಗುವುದಿಲ್ಲ, ಎರಡು ನಂಬರ್‌ಗಳ ನಡುವಿನ ಅಂತರ ಬೇಕು. ಪದ್ಧತಿ ಎಲ್ಲಿ ಕೈಕೊಡುತ್ತದೆ ಅನ್ನುವುದು ಇಲ್ಲಿಯೇ ಗೊತ್ತಾಗುವುದು.

ಸೆಲ್ಯುಲೋಸ್ ಅಂದರೆ ಗ್ಲೂಕೋಸ್‌ನ ಉದ್ದುದ್ದ ಸರಪಳಿಗಳು. ಕೆಲವು ಕಡೆ ಸರಪಳಿಗಳು ಸಾಲಾಗಿ, ಒತ್ತಾಗಿ ನಿಂತು ಸ್ಫಟಿಕ ಆಗಿರುತ್ತವೆ, ಕೆಲವು ಕಡೆ ಸಡಿಲವಾಗಿರುತ್ತವೆ. ಮರದಲ್ಲಿ ಈ ಸರಪಳಿಗಳ ಕಟ್ಟು ತೀರಾ ಸಣ್ಣದು, ಅಗಲ ಸುಮಾರು 3 ನ್ಯಾನೊಮೀಟರ್. ಹಾಗೇ ಮರದ ತುಂಬ ಸೆಲ್ಯುಲೋಸೇ ಇಲ್ಲ. ತೂಕದಲ್ಲಿ 40ರಿಂದ 50% ಅಷ್ಟೇ, ಉಳಿದದ್ದು ಲಿಗ್ನಿನ್ (ನಾರುಗಳನ್ನು ಹಿಡಿದಿಡುವ ವಸ್ತು), ಹೆಮಿಸೆಲ್ಯುಲೋಸ್ (ಸೆಲ್ಯುಲೋಸ್‌ನಂಥದ್ದೇ, ಆದರೆ ಚಿಕ್ಕ ಸರಪಳಿ), ಅಂಟು, ಬಣ್ಣ. ತಾಮ್ರದ ಟ್ಯೂಬ್‌ನಿಂದ ಬರುವ 1.54 ಆಂಗ್‌ಸ್ಟ್ರಾಮ್ ಎಕ್ಸ್‌ರೇ ಹಾಯಿಸಿದರೆ ಟೂ ಥೀಟಾ, ಅಂದರೆ ಕಿರಣ ತನ್ನ ದಾರಿಯಿಂದ ತಿರುಗಿದ ಕೋನ, 15 ಮತ್ತು 16.5 ಡಿಗ್ರಿ ಹತ್ತಿರ ಎರಡು ಪೀಕ್, 22.5ರ ಹತ್ತಿರ ದೊಡ್ಡ ಪೀಕ್, 34.5ರ ಹತ್ತಿರ ಒಂದು ಚಿಕ್ಕ ಪೀಕ್. ದೊಡ್ಡದನ್ನು (200) ಅನ್ನುತ್ತಾರೆ, ಕೊನೆಯ ಚಿಕ್ಕದನ್ನು (004). ಸ್ಫಟಿಕದೊಳಗಿನ ಯಾವ ಪದರಗಳಿಂದ ಪೀಕ್ ಬಂತು ಅಂತ ಹೇಳುವ ನಂಬರ್‌ಗಳು ಇವು. ಹಳೆಯ ಪುಸ್ತಕಗಳಲ್ಲಿ (200) ಜಾಗದಲ್ಲಿ (002) ಅಂತ ಇರುತ್ತದೆ, ಗಾಬರಿ ಬೇಡ, ಅದೇ ಪೀಕ್.

ಈಗ ಸರ್ವಿಸ್ ವಿಷಯ. ಬುಕಿಂಗ್ ಸುಲಭ. ಆನ್‌ಲೈನ್ ಫಾರ್ಮ್ ತುಂಬಿ, ದುಡ್ಡು ಕಟ್ಟಿ, ಸ್ಯಾಂಪಲ್ ಕೊರಿಯರ್ ಮಾಡಬಹುದು ಅಥವಾ ಕೈಯಲ್ಲೇ ಕೊಡಬಹುದು. ಅವರು ಹೇಳುವ ರೇಟಿನ ಮೇಲೆ 18% ಜಿಎಸ್‌ಟಿ ಬೇರೆ ಬೀಳುತ್ತದೆ, ಬಜೆಟ್ ಮಾಡುವಾಗ ಮರೆಯಬೇಡಿ. ವಿದ್ಯಾರ್ಥಿಗಳಿಗೆ ಐಡಿ ತೋರಿಸಿದರೆ ಸ್ವಲ್ಪ ಬಿಡುತ್ತಾರೆ. ರಿಸೆಪ್ಷನ್‌ನಲ್ಲಿ ಮಾತು ಮರ್ಯಾದೆ ಚೆನ್ನಾಗಿದೆ, ಫೋನ್ ಮಾಡಿದರೆ ಎತ್ತುತ್ತಾರೆ. ಇಷ್ಟಕ್ಕೆ ಪೂರ್ತಿ ಮಾರ್ಕ್ಸ್.

ಫಾರ್ಮ್‌ನಲ್ಲಿ ಏನು ಕೇಳುತ್ತಾರೆ ನೋಡಿ. ಸ್ಯಾಂಪಲ್ ಹೆಸರು, ವಿಷವೇ ಅಲ್ಲವೇ, ಎಷ್ಟರಿಂದ ಎಷ್ಟು ಡಿಗ್ರಿ ಸ್ಕ್ಯಾನ್, ವೇಗ ಎಷ್ಟು. ಸರಿ. ಮರ ಅಂತ ಬರೆದಿದ್ದರೂ ಎಳೆ, ಅಂದರೆ ನಾರು, ಯಾವ ಕಡೆ ಅಂತ ಒಬ್ಬರೂ ಕೇಳಲಿಲ್ಲ. ಬದಲಿಗೆ ಆಪರೇಟರ್ ಹುಡುಗ ಫೋನ್ ಮಾಡಿ, "ಮೇಡಂ, ಫೈನ್ ಪೌಡರ್ ಮಾಡಿ ಕೊಡಿ, ಮುಖಕ್ಕೆ ಹಚ್ಚೋ ಪೌಡರ್ ಥರ ಇರ್ಬೇಕು. ನಿಮ್ಮ ಹತ್ರ ಆಗಲ್ಲ ಅಂದ್ರೆ ನಾವೇ ಬಾಲ್ ಮಿಲ್‌ಗೆ ಹಾಕಿಕೊಡ್ತೀವಿ, ಎಕ್ಸ್‌ಟ್ರಾ ಚಾರ್ಜ್ ಆಗತ್ತೆ" ಅಂದ. ಪಾಪ, ಅವನ ಪ್ರಕಾರ ಅದು ಸರಿಯೇ. ಅವನ ಬಳಿ ಬರುವುದು ಸಿಮೆಂಟ್, ಮಣ್ಣು, ಅದಿರು, ಮಾತ್ರೆ. ಅವುಗಳನ್ನು 10 ಮೈಕ್ರಾನ್‌ಗಿಂತ ಸಣ್ಣಗೆ ಅರೆದಷ್ಟೂ ಗ್ರಾಫ್ ಚೆನ್ನಾಗಿ ಬರುತ್ತದೆ.

ಮರಕ್ಕೆ ಇದೇ ನಿಯಮ ಹಾಕಿದರೆ ಅಳೆಯಬೇಕಾದದ್ದನ್ನೇ ಒಡೆದುಹಾಕಿದಂತೆ. ಬಾಲ್ ಮಿಲ್‌ನಲ್ಲಿ ಗುಂಡುಗಳು ಬಡಿದು ಬಡಿದು ಸೆಲ್ಯುಲೋಸ್‌ನ ಸಾಲು ಕೆಡುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ 22.5ರ ಪೀಕ್ ಕುಸಿದು, ಎಲ್ಲ ಸೇರಿ 20 ಡಿಗ್ರಿ ಸುತ್ತಮುತ್ತ ಒಂದು ಅಗಲವಾದ ದಿಬ್ಬ ಆಗಿಬಿಡುತ್ತದೆ. ಸಂಶೋಧಕರು ಬೇಕೆಂದೇ ಸ್ಫಟಿಕವಿಲ್ಲದ ಸೆಲ್ಯುಲೋಸ್ ಮಾಡಲು ಬಳಸುವ ದಾರಿಯೇ ಇದು, ಅಲ್ವಾ? ಒಂದು ಲ್ಯಾಬ್‌ನಲ್ಲಿ ಅದು ಸ್ಯಾಂಪಲ್ ಹಾಳುಮಾಡುವ ವಿಧಾನ, ಇನ್ನೊಂದರಲ್ಲಿ ಸ್ಯಾಂಪಲ್ ತಯಾರಿಸುವ ವಿಧಾನ! ದ್ರವ ನೈಟ್ರೋಜನ್ ಹಾಕಿ ತಂಪಾಗಿ ಅರೆದರೆ ಏನೂ ಆಗುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಬಿಸಿ ಏರುವುದಿಲ್ಲ ನಿಜ, ಆದರೆ ಬಡಿತ ಬಡಿತವೇ. ಇನ್ನೊಂದು ವಿಷಯ. ಹೀಗೆ ಅರೆದ ಪುಡಿಗೆ ನೀರು ತಾಗಿದರೆ ಸರಪಳಿಗಳು ಮತ್ತೆ ಸಾಲುಗೂಡಲು ನೋಡುತ್ತವೆ, ಎಷ್ಟೋ ಸಲ ಮೊದಲಿನ ರೂಪಕ್ಕಲ್ಲ, ಸೆಲ್ಯುಲೋಸ್ ಎರಡು ಅನ್ನುವ ಬೇರೆ ರೂಪಕ್ಕೆ. ಆಗ ಪೀಕ್‌ಗಳ ಜಾಗವೇ ಬೇರೆ.

ಹಾಗಾಗಿ ಅವರ ಮಿಲ್ ಬೇಡ ಅಂದೆ. ವೈಲಿ ಮಿಲ್, ಅಂದರೆ ಬ್ಲೇಡ್‌ನಿಂದ ಕತ್ತರಿಸುವ ಮಿಲ್, ನಮ್ಮಲ್ಲೇ ಇದೆ. ಅದರಲ್ಲಿ ಕತ್ತರಿಸಿ 40 ಮೆಶ್ ಜರಡಿಯಲ್ಲಿ ಇಳಿದು 60 ಮೆಶ್‌ನಲ್ಲಿ ನಿಂತದ್ದನ್ನು ಇಟ್ಟುಕೊಂಡೆ. ಅಂದರೆ 0.42 ಮಿಲಿಮೀಟರ್‌ಗಿಂತ ಸಣ್ಣದು, 0.25ಕ್ಕಿಂತ ದಪ್ಪ. ಇದನ್ನು ನೋಡಿ ಹುಡುಗನ ಮುಖ ಸಪ್ಪೆ ಆಯಿತು. ಆದರೂ ಹಾಕಿದ, ಥ್ಯಾಂಕ್ಸ್.

ಇಲ್ಲೇ ನನ್ನ ಕೆಲಸಕ್ಕೆ ಸೇರಿದ ಒಂದು ತಾಪತ್ರಯ ಹೇಳಬೇಕು, ಹೀಟ್ ಟ್ರೀಟ್‌ಮೆಂಟ್ ಮಾಡುವ ಎಲ್ಲರೂ ಇದನ್ನು ಗಮನಿಸಿ. ಕಾಯಿಸಿದ ಮರ ಪೆಡಸಾಗುತ್ತದೆ. ಅದೇ ಮಿಲ್, ಅದೇ ಜಾಲರಿ, ಅಷ್ಟೇ ಹೊತ್ತು, ಆದರೆ ಕಾಯಿಸಿದ ಮರ ಚೂರುಚೂರಾಗಿ ಧೂಳು ಜಾಸ್ತಿ ಬೀಳುತ್ತದೆ, ಕಾಯಿಸದ ಮರ ಉದ್ದುದ್ದ ಚಕ್ಕೆಯಾಗಿ ಬರುತ್ತದೆ. ಎರಡನ್ನೂ ಹಾಗೇ ಹೋಲ್ಡರ್‌ಗೆ ತುಂಬಿದರೆ ಒಂದರಲ್ಲಿ ನಾರು ಚಪ್ಪಟೆಯಾಗಿ ಮಲಗಿರುತ್ತದೆ, ಇನ್ನೊಂದರಲ್ಲಿ ಅಡ್ಡಾದಿಡ್ಡಿ. ಇತ್ತ ಬಿಸಿಗೆ ಹೆಮಿಸೆಲ್ಯುಲೋಸ್ ಮೊದಲು ಹಾಳಾಗಿ ಹೋಗುವುದರಿಂದ ಕ್ರಿಸ್ಟಲಿನಿಟಿ ಜಾಸ್ತಿ ಆದಂತೆ ಕಾಣುವುದು ಮೊದಲೇ ಗೊತ್ತಿರುವ ಸಂಗತಿ. ಈಗ ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟರೆ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಬಿಸಿಯದ್ದು, ಎಷ್ಟು ಮಿಲ್‌ನದ್ದು? ರಿಪೋರ್ಟ್ ನೋಡಿ ಯಾರೂ ಹೇಳಲು ಸಾಧ್ಯವಿಲ್ಲ. ಜರಡಿಯ ಒಂದೇ ಅಳತೆಯ ಪುಡಿಯನ್ನು ಎರಡೂ ಕಡೆ ತೆಗೆದುಕೊಂಡರೆ ಸ್ವಲ್ಪ ವಾಸಿ. ಆದರೆ ಆಗ ಕಾಯಿಸಿದ ಮರದ ಧೂಳಿನ ಭಾಗವನ್ನು ಬಿಟ್ಟ ಹಾಗಾಗುತ್ತದೆ, ಅದರಲ್ಲಿ ಏನಿತ್ತೋ. ಪೂರ್ತಿ ಸಮಾಧಾನದ ದಾರಿ ಇಲ್ಲ, ಏನು ಮಾಡಿದ್ದೀರಿ ಅಂತ ಬರೆದಿಡುವುದೊಂದೇ.

ನಾರಿನ ದಿಕ್ಕಿನ ಕತೆ ಇನ್ನೂ ಮಜವಾಗಿದೆ. ಆ ಲ್ಯಾಬ್‌ನಲ್ಲಿರುವುದು ಎಲ್ಲ ಕಡೆ ಇರುವಂಥ ಸಾಮಾನ್ಯ ಪೌಡರ್ ಮೆಷಿನ್. ಕಿರಣ ಓರೆಯಾಗಿ ಸ್ಯಾಂಪಲ್ ಮೇಲೆ ಬಿದ್ದು, ಅಷ್ಟೇ ಓರೆಯಲ್ಲಿ ಆ ಕಡೆ ಡಿಟೆಕ್ಟರ್‌ಗೆ ಹೋಗುತ್ತದೆ. ಇಂಥ ಏರ್ಪಾಟಿನಲ್ಲಿ ಮೆಷಿನ್‌ಗೆ ಕಾಣುವುದು ಸ್ಯಾಂಪಲ್‌ನ ಮೇಲ್ಮೈಗೆ ಸಮಾನಾಂತರವಾಗಿರುವ ಪದರಗಳು ಮಾತ್ರ. ಬೇರೆ ಕಡೆ ತಿರುಗಿರುವ ಪದರಗಳು ಎಷ್ಟೇ ಇದ್ದರೂ ಅವು ಗ್ರಾಫ್‌ಗೆ ಬರುವುದಿಲ್ಲ. ನಿಜವಾದ ಪುಡಿಯಲ್ಲಿ ಎಲ್ಲ ದಿಕ್ಕಿಗೂ ಸಮವಾಗಿ ಕಣಗಳಿರುತ್ತವೆ ಅಂತ ಲೆಕ್ಕ, ಹಾಗಾಗಿ ತೊಂದರೆ ಇಲ್ಲ. ಮರದಲ್ಲಿ ಹಾಗಲ್ಲ. ಸೆಲ್ಯುಲೋಸ್ ಸರಪಳಿ ಹೆಚ್ಚುಕಡಿಮೆ ನಾರಿನ ಉದ್ದಕ್ಕೇ ಓಡುತ್ತದೆ. (200) ಪದರಗಳು ಸರಪಳಿಯ ಉದ್ದಕ್ಕೆ ಇರುವಂಥವು, (004) ಪದರಗಳು ಸರಪಳಿಗೆ ಅಡ್ಡಲಾಗಿ ಇರುವಂಥವು. ಹಾಗಾದರೆ ನಾರು ಹೋಲ್ಡರ್‌ನಲ್ಲಿ ಮಲಗಿದ್ದರೆ (200) ಎದ್ದು ಕಾಣುತ್ತದೆ, (004) ಮಾಯ. ನಾರು ನೆಟ್ಟಗೆ ನಿಂತಿದ್ದರೆ, ಅಂದರೆ ಮರದ ಅಡ್ಡಕೊಯ್ತದ ಮುಖ ಮೇಲೆ ಬಂದಿದ್ದರೆ, (004) ಜಿಗಿಯುತ್ತದೆ, (200) ಸೊರಗುತ್ತದೆ.

ಇದನ್ನು ಪರೀಕ್ಷೆ ಮಾಡೋಣ ಅಂತಲೇ ಒಂದೇ ಸಿಲ್ವರ್ ಓಕ್ ತುಂಡಿನಿಂದ ತೆಳು ಬಿಲ್ಲೆಗಳನ್ನು ಬೇರೆ ಬೇರೆ ಮುಖಕ್ಕೆ ಕೊಯ್ದು ಕೊಟ್ಟೆ, ಪುಡಿಯ ಜೊತೆಗೆ. ಎಳೆ ಮಲಗಿದ ಬಿಲ್ಲೆಯನ್ನು ಹೋಲ್ಡರ್‌ನಲ್ಲೇ ತೊಂಬತ್ತು ಡಿಗ್ರಿ ತಿರುಗಿಸಿ ಹಾಕಿದಾಗ ಗ್ರಾಫ್ ಹೆಚ್ಚೇನೂ ಬದಲಾಗಲಿಲ್ಲ. ಹುಡುಗ, "ನೋಡಿ ಮೇಡಂ, ಡೈರೆಕ್ಷನ್ ಮ್ಯಾಟರ್ ಆಗಲ್ಲ" ಅಂದ. ಆಗಬಾರದು, ಸರಿಯೇ. ಹೇಗೆ ತಿರುಗಿಸಿದರೂ ನಾರು ಮಲಗಿಯೇ ಇದೆಯಲ್ಲ, ಮೇಲ್ಮೈಗೆ ಸಮಾನಾಂತರ ಇರುವ ಪದರ ಅವೇ. ಆಮೇಲೆ ಅಡ್ಡಕೊಯ್ತದ ಬಿಲ್ಲೆ ಹಾಕಿದ. ದೊಡ್ಡ ಪೀಕ್ ಕುಸಿದು, 34.5ರ ಹತ್ತಿರ ಇದ್ದೂ ಇಲ್ಲದಂತಿದ್ದ ಪೀಕ್ ತಲೆ ಎತ್ತಿ ನಿಂತಿತು. ಅದೇ ಮರ, ಅದೇ ತುಂಡು. ಅವನಿಗೂ ಖುಷಿ ಆಯಿತು, ಫೋಟೋ ಹೊಡೆದುಕೊಂಡ.

ಬಿಲ್ಲೆ ಹಾಕಿದರೆ ಹೀಗಾಗುವುದು ಸಹಜ, ಪುಡಿ ಮಾಡಿದರೆ ಸರಿಹೋಗುತ್ತದೆ ಅಂತ ಅಂದುಕೊಳ್ಳುತ್ತೇವೆ. ಅರ್ಧ ಮಾತ್ರ ಸರಿ. ಮರ ಸೀಳುವುದೇ ಎಳೆಯ ಉದ್ದಕ್ಕೆ. ಕತ್ತರಿಸುವ ಮಿಲ್‌ನಿಂದ ಬರುವ ಒಂದೊಂದು ಕಣವೂ ಸಣ್ಣ ಚಕ್ಕೆ, ಉದ್ದ ಜಾಸ್ತಿ ಅಗಲ ಕಡಿಮೆ. ಜರಡಿಯಲ್ಲೂ ಅದು ತಲೆ ಕೆಳಗಾಗಿ ನುಸುಳಿಕೊಂಡು ಬರುತ್ತದೆ, ಹಾಗಾಗಿ 40 ಮೆಶ್ ಅಂದರೆ ಅಗಲಕ್ಕೆ ಮಾತ್ರ ಲೆಕ್ಕ. ಇಂಥ ಚಕ್ಕೆಗಳನ್ನು ಹೋಲ್ಡರ್‌ನಲ್ಲಿ ಸುರಿದು ಗಾಜಿನ ಸ್ಲೈಡ್‌ನಿಂದ ಒತ್ತಿ ಮಟ್ಟ ಮಾಡಿದರೆ ಎಲ್ಲವೂ ಮಲಗುತ್ತವೆ. ಪುಡಿಯನ್ನು ಒತ್ತಿ ಪೆಲೆಟ್, ಅಂದರೆ ಬಿಲ್ಲೆ, ಮಾಡುವವರಂತೂ ಟನ್‌ಗಟ್ಟಲೆ ಒತ್ತಡ ಹಾಕಿ ಮಲಗಿಸುತ್ತಾರೆ. ಪೆಲೆಟ್ ನೋಡಲು ನುಣುಪು, ಗ್ರಾಫ್ ಕೂಡ ಚಂದ, ದೊಡ್ಡ ಪೀಕ್ ಇನ್ನೂ ದೊಡ್ಡದು. ರಿಪೋರ್ಟ್‌ನಲ್ಲಿ ಕ್ರಿಸ್ಟಲಿನಿಟಿ ಜಾಸ್ತಿ. ಮರದಲ್ಲಿ ಏನೂ ಜಾಸ್ತಿ ಆಗಿಲ್ಲ.

ಇದಕ್ಕೆ ಲ್ಯಾಬ್‌ನವರ ಉತ್ತರ, "ನಾವು ಸ್ಪಿನ್ನರ್ ಹಾಕಿದ್ದೇವೆ". ಹೋಲ್ಡರ್ ಗಿರಗಿರ ತಿರುಗುತ್ತಿರುತ್ತದೆ, ಹಾಗಾಗಿ ದಿಕ್ಕಿನ ಸಮಸ್ಯೆ ಇಲ್ಲವಂತೆ. ಅಲ್ಲ ಸ್ವಾಮಿ, ಸ್ಪಿನ್ನರ್ ತಿರುಗಿಸುವುದು ನಾನು ಬಿಲ್ಲೆಯನ್ನು ಕೈಯಲ್ಲಿ ತಿರುಗಿಸಿದ ಹಾಗೆಯೇ. ಮಲಗಿದ ನಾರು ಮಲಗಿಕೊಂಡೇ ಸುತ್ತುತ್ತದೆ. ಹೆಚ್ಚು ಕಣಗಳು ಕಿರಣಕ್ಕೆ ಸಿಗುತ್ತವೆ, ಅದು ಲಾಭ. ಮಲಗಿದ್ದನ್ನು ಎಬ್ಬಿಸುವ ಶಕ್ತಿ ಅದಕ್ಕಿಲ್ಲ. ಈ ಒಂದು ತಪ್ಪು ತಿಳಿವಳಿಕೆ ಎಷ್ಟು ಕಡೆ ಇದೆ ಅಂದರೆ, ಪೇಪರ್‌ಗಳ ವಿಧಾನದ ಭಾಗದಲ್ಲೂ ಧೈರ್ಯವಾಗಿ ಬರೆದಿರುತ್ತಾರೆ.

ಹೋಲ್ಡರ್ ಬಗ್ಗೆಯೂ ಎರಡು ಮಾತು. ಮರ ಎಕ್ಸ್‌ರೇಗೆ ಅಷ್ಟಾಗಿ ಅಡ್ಡ ಬರುವುದಿಲ್ಲ, ಕಿರಣ ಆಳಕ್ಕೆ ಇಳಿಯುತ್ತದೆ. ಸ್ಯಾಂಪಲ್ ತೆಳುವಾಗಿದ್ದರೆ ತಳ ಮುಟ್ಟಿ ಹೋಲ್ಡರ್‌ನಿಂದ ಚದುರಿ ಬರುತ್ತದೆ. ಹೋಲ್ಡರ್ ಗಾಜಿನದಾದರೆ ಗಾಜಿನ ದಿಬ್ಬ 20ರಿಂದ 25 ಡಿಗ್ರಿ ಆಸುಪಾಸಿನಲ್ಲಿ, ನಮಗೆ ಬೇಕಾದ ಜಾಗದಲ್ಲೇ. ಅಲ್ಯುಮಿನಿಯಂ ಆದರೆ 38.5ರಲ್ಲಿ ಚೂಪಾದ ಪೀಕ್ ಕಾಣುತ್ತದೆ, ಕನಿಷ್ಠ ಅದು ಕಳ್ಳತನ ಒಪ್ಪಿಕೊಳ್ಳುತ್ತದೆ. ಸಿಲಿಕಾನ್‌ನ ಒಂಟಿ ಸ್ಫಟಿಕದಿಂದ ಬೇಕಾದ ಕೋನಕ್ಕೆ ಕೊಯ್ದು ಮಾಡಿದ ಝೀರೋ ಬ್ಯಾಕ್‌ಗ್ರೌಂಡ್ ಹೋಲ್ಡರ್ ಇದಕ್ಕೆ ಸರಿ. ಈ ಲ್ಯಾಬ್‌ನಲ್ಲಿ ಅದು ಇದೆ! ಬೀರುವಿನಲ್ಲಿ ಇದೆ. ಕೇಳಿದವರಿಗೆ ಮಾತ್ರ ಕೊಡುತ್ತಾರೆ.

ರಿಪೋರ್ಟ್ ಎರಡು ಪುಟ. ಮೊದಲ ಪುಟ ಲೋಗೋ, ಸಹಿ, ಸೀಲು. ಎರಡನೆಯದರಲ್ಲಿ ಗ್ರಾಫ್, ಕೆಳಗೆ ಕ್ರಿಸ್ಟಲಿನಿಟಿ ಇಷ್ಟು ಪರ್ಸೆಂಟ್ ಅಂತ, ಎರಡು ದಶಮಾಂಶದವರೆಗೆ. ಯಾವ ವಿಧಾನ ಅಂತ ಬರೆದಿಲ್ಲ. ಕೇಳಿದ ಮೇಲೆ ಸೀಗಲ್ ಅಂದರು. ಸೀಗಲ್ ಮತ್ತು ಜೊತೆಗಾರರು 1959ರಲ್ಲಿ ಹತ್ತಿಗಾಗಿ ಮಾಡಿದ ಅಂದಾಜು ಸೂತ್ರ ಅದು. 22.5ರ ಎತ್ತರದಿಂದ 18 ಡಿಗ್ರಿಯ ಎತ್ತರ ಕಳೆದು, 22.5ರ ಎತ್ತರದಿಂದಲೇ ಭಾಗಿಸಿ, ನೂರರಿಂದ ಗುಣಿಸುವುದು. ಎರಡು ಬಿಂದು, ಒಂದು ಕ್ಯಾಲ್ಕುಲೇಟರ್, ಮುಗಿಯಿತು. ಅಷ್ಟು ಸುಲಭ ಅಂತಲೇ ಅದು ಇಷ್ಟು ವರ್ಷ ಬಾಳಿದೆ.

ಸುಮ್ನೆ ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, ದೊಡ್ಡ ಪೀಕ್ 1000, ಹದಿನೆಂಟರಲ್ಲಿ 400. ಉತ್ತರ 60%. ಈಗ ಪುಡಿಯನ್ನು ಒತ್ತಿ ನಾರು ಮಲಗಿಸಿದೆವು, ದೊಡ್ಡ ಪೀಕ್ 1300 ಆಯಿತು, ಹದಿನೆಂಟರಲ್ಲಿ ಅಷ್ಟೇ ಇದೆ. ಉತ್ತರ 69.2%. ಒತ್ತದೆ ಸಡಿಲವಾಗಿ ತುಂಬಿ ಗಾಜಿನ ಹೋಲ್ಡರ್ ಬಳಸಿದೆವು, ಎರಡೂ ಕಡೆ 100 ಸೇರಿತು ಅನ್ನಿ. ಉತ್ತರ 54.5%. ಒಂದೇ ಮರ ಒಂದೇ ದಿನ ಐವತ್ತನಾಲ್ಕೂವರೆ ಆಗಬಹುದು, ಅರವತ್ತೊಂಬತ್ತೂ ಆಗಬಹುದು. ಇದರ ಮುಂದೆ ಎರಡು ದಶಮಾಂಶ ಯಾರಿಗೆ ಬೇಕು?

ಹದಿನೆಂಟು ಡಿಗ್ರಿಯ ಆ ಎತ್ತರ ಸಡಿಲ ಸೆಲ್ಯುಲೋಸ್‌ನದ್ದು ಅನ್ನುವುದೇ ಅನುಮಾನದ ಮಾತು. ಸ್ಫಟಿಕ ಸಣ್ಣದಾದಷ್ಟೂ ಪೀಕ್ ಅಗಲವಾಗುತ್ತದೆ. ಸ್ಫಟಿಕದ ಗಾತ್ರಕ್ಕೂ ಪೀಕ್‌ನ ಅಗಲಕ್ಕೂ ಇರುವ ಸಂಬಂಧ ಹೇಳುವ ಶೆರರ್ ಸೂತ್ರದಲ್ಲಿ ಹಾಕಿ ನೋಡಿದರೆ 3 ನ್ಯಾನೊಮೀಟರ್ ಸ್ಫಟಿಕಕ್ಕೆ ಪೀಕ್‌ನ ಅರ್ಧ ಎತ್ತರದಲ್ಲಿ ಅಗಲ ಸುಮಾರು 2.7 ಡಿಗ್ರಿ ಬರುತ್ತದೆ. 16.5ರಲ್ಲಿ ಒಂದು ಪೀಕ್, 22.5ರಲ್ಲಿ ಒಂದು, ಎರಡೂ ಇಷ್ಟು ಅಗಲ. ನಡುವೆ 18ರಲ್ಲಿ ಅವುಗಳ ಬಾಲಗಳೇ ಒಂದರ ಮೇಲೊಂದು ಬಿದ್ದಿರುತ್ತವೆ. ಅಮೆರಿಕದ ಆಲ್ಫ್ರೆಡ್ ಫ್ರೆಂಚ್ ಮತ್ತು ಸ್ಯಾಂಟಿಯಾಗೊ ಸಿಂಟ್ರೋನ್ 2013ರಲ್ಲಿ ಇದನ್ನೇ ಲೆಕ್ಕ ಮಾಡಿ ತೋರಿಸಿದರು. ಸಡಿಲ ಭಾಗ ಒಂದಿಷ್ಟೂ ಇಲ್ಲದ ಸೆಲ್ಯುಲೋಸ್ ಆದರೂ ಸ್ಫಟಿಕ ಸಣ್ಣದಿದ್ದರೆ ಸೀಗಲ್ ನಂಬರ್ ನೂರು ಮುಟ್ಟುವುದಿಲ್ಲ. ಜೊತೆಗೆ ಮರದಲ್ಲಿ ಲಿಗ್ನಿನ್, ಹೆಮಿಸೆಲ್ಯುಲೋಸ್ ಚದುರಿಸಿದ್ದೂ ಅದೇ ಜಾಗದಲ್ಲಿ ಸೇರಿಕೊಂಡಿರುತ್ತದೆ. ಇನ್ನು ಭಾಗಿಸಿದ್ದು ಯಾವುದರಿಂದ? ಇಡೀ ಮರದಲ್ಲಿ ಸ್ಫಟಿಕದ ಪಾಲು ಅಂತಾದರೆ, ಸೆಲ್ಯುಲೋಸೇ 40-50% ಇರುವ ಮರದಲ್ಲಿ 60% ಸ್ಫಟಿಕ ಎಲ್ಲಿಂದ ಬಂತು? ಸೆಲ್ಯುಲೋಸ್‌ನೊಳಗಿನ ಪಾಲು ಅಂತಾದರೆ ಲಿಗ್ನಿನ್‌ನ ಲೆಕ್ಕ ಎಲ್ಲಿ ತೆಗೆದರು? ಈ ಪ್ರಶ್ನೆ ಇಮೇಲ್‌ನಲ್ಲಿ ಕೇಳಿದೆ. "ಆಸ್ ಪರ್ ಸ್ಟ್ಯಾಂಡರ್ಡ್ ಪ್ರೊಸೀಜರ್" ಅಂತ ಉತ್ತರ ಬಂತು.

ವಿಧಾನ ಬದಲಾದರೆ ನಂಬರ್ ಎಷ್ಟು ಬದಲಾಗುತ್ತದೆ ಅಂತ ನೋಡಬೇಕೆಂದರೆ 2010ರಲ್ಲಿ ಅಮೆರಿಕದಲ್ಲಿ ಪಾರ್ಕ್ ಮತ್ತು ಜೊತೆಗಾರರು ಮಾಡಿದ ಹೋಲಿಕೆ ಇದೆ. ಮಾತ್ರೆ ತಯಾರಿಕೆಯಲ್ಲಿ ಬಳಸುವ ಅವಿಸೆಲ್ ಅನ್ನುವ ಸೆಲ್ಯುಲೋಸ್ ಪುಡಿಗೆ ಪೀಕ್ ಎತ್ತರದ ವಿಧಾನ 90ರ ಆಸುಪಾಸು ಕೊಟ್ಟರೆ, ಪೀಕ್‌ಗಳನ್ನು ಬಿಡಿಸಿ ವಿಸ್ತೀರ್ಣ ಲೆಕ್ಕ ಹಾಕುವ ವಿಧಾನ 60ರ ಆಸುಪಾಸು ಕೊಟ್ಟಿತು. ಹಾಗಾಗಿ ನನ್ನ ಮರ ನಿಮ್ಮ ಮರಕ್ಕಿಂತ ಸ್ಫಟಿಕ ಜಾಸ್ತಿ ಅಂತ ಎರಡು ಬೇರೆ ಪೇಪರ್‌ಗಳ ನಂಬರ್ ಇಟ್ಟುಕೊಂಡು ಜಗಳ ಆಡುವುದು ದಂಡ.

ಅಕೇಶಿಯಾ ಗ್ರಾಫ್ ಬಂದಾಗ ಇನ್ನೊಂದು ಗಮ್ಮತ್ತು. ಸೆಲ್ಯುಲೋಸ್‌ನ ಅಗಲ ದಿಬ್ಬಗಳ ಮೇಲೆ ಚೂಪಾದ ಸೂಜಿಗಳು, 14.9, 24.4, 30.1ರಲ್ಲಿ. ಲ್ಯಾಬ್‌ನವರು ಅದನ್ನು ಸ್ಫಟಿಕ ಸೆಲ್ಯುಲೋಸ್ ಲೆಕ್ಕಕ್ಕೇ ಸೇರಿಸಿದ್ದರು. ಅದು ಕ್ಯಾಲ್ಸಿಯಂ ಆಕ್ಸಲೇಟ್, ಎಷ್ಟೋ ಗಟ್ಟಿ ಮರಗಳ ಜೀವಕೋಶಗಳಲ್ಲಿ ಹರಳಾಗಿ ಕೂತಿರುವಂಥದ್ದು. ಮೊದಲನೆಯದು ಸರಿಯಾಗಿ ಸೆಲ್ಯುಲೋಸ್ ಪೀಕ್ ಮೇಲೇ ಬೀಳುತ್ತದೆ, ಹಾಗಾಗಿ ಗೊತ್ತಿಲ್ಲದವರು ಮೋಸ ಹೋಗುತ್ತಾರೆ. ಮರಕ್ಕೆ ಸಂಬಂಧಪಟ್ಟವರು ಒಬ್ಬರು ಆ ಗ್ರಾಫ್ ನೋಡಿದ್ದರೆ ಒಂದು ನಿಮಿಷದಲ್ಲಿ ಹೇಳುತ್ತಿದ್ದರು. ತೇಗ ತರುವವರು ಸಿಲಿಕಾ ಬಗ್ಗೆ ಎಚ್ಚರ ಇಟ್ಟುಕೊಳ್ಳಿ, ಗರಗಸದ ಹಲ್ಲು ಸವೆಸುವ ಅದೇ ಸಿಲಿಕಾ ಗ್ರಾಫ್‌ನಲ್ಲೂ 22ರ ಸುತ್ತ ದಿಬ್ಬ ಎಬ್ಬಿಸಬಲ್ಲದು.

ತೇವ ಕೂಡ ನೋಡಬೇಕು. ಗಾಳಿಯಲ್ಲಿ ಒಣಗಿದ ಮರದಲ್ಲಿ ಹತ್ತು ಪರ್ಸೆಂಟ್ ಆಸುಪಾಸು ನೀರಿರುತ್ತದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ನೀರೂ ಎಕ್ಸ್‌ರೇ ಚದುರಿಸುತ್ತದೆ. 103 ಡಿಗ್ರಿ ಓವನ್‌ನಲ್ಲಿ ಪೂರ್ತಿ ಒಣಗಿಸಿದರೆ ಪೀಕ್ ಜಾಗವೇ ಸ್ವಲ್ಪ ಕದಲುತ್ತದೆ. ಯಾವುದಾದರೂ ಒಂದು ಮಾಡಿ, ಎಲ್ಲ ಸ್ಯಾಂಪಲ್‌ಗೂ ಅದನ್ನೇ ಮಾಡಿ. ನಾನು ಡೆಸಿಕೇಟರ್‌ನಲ್ಲಿ (ತೇವ ತಾಗದಂತೆ ಇಡುವ ಮುಚ್ಚಿದ ಡಬ್ಬಿ) ಕಳಿಸಿದ್ದನ್ನು ಅವರು ಡಬ್ಬಿ ತೆರೆದಿಟ್ಟು ಊಟಕ್ಕೆ ಹೋಗಿದ್ದರು, ಅದಕ್ಕೆ ಅರ್ಧ ಸ್ಟಾರ್ ಕಡಿಮೆ ಮಾಡಿದ್ದೇನೆ.

ಸ್ಕ್ಯಾನ್ ವೇಗದ್ದೂ ಒಂದು ರಗಳೆ. ಅವರು ಮಾಮೂಲಿ ಹಾಕುವುದು ನಿಮಿಷಕ್ಕೆ 10 ಡಿಗ್ರಿ. ಅದಿರಿಗೆ ಸಾಕು, ಮರಕ್ಕೆ ಗ್ರಾಫ್ ತುಂಬ ಗದ್ದಲ. ಅದನ್ನು ಮುಚ್ಚಲು ಸಾಫ್ಟ್‌ವೇರ್‌ನಲ್ಲಿ ನಯ ಮಾಡಿ ಕೊಡುತ್ತಾರೆ. ನಿಮಿಷಕ್ಕೆ 1 ಅಥವಾ 2 ಡಿಗ್ರಿ ಕೇಳಿ. ಹೆಚ್ಚಿನ ಚಾರ್ಜ್ ಕೇಳಿದರು, ಕೊಟ್ಟೆ, ಕೊಟ್ಟಿದ್ದಕ್ಕೆ ಮೋಸವಿಲ್ಲ.

ಅವರ ಪರವಾಗಿಯೂ ಹೇಳಬೇಕಾದ್ದಿದೆ. ಮೂಲ ಡೇಟಾ ಬೇಕು, ನಯ ಮಾಡದ್ದು, ಬ್ಯಾಕ್‌ಗ್ರೌಂಡ್ ಕಳೆಯದ್ದು ಅಂತ ಕೇಳಿದಾಗ ಮೊದಲು ಸ್ವಲ್ಪ ಗೊಣಗಿದರೂ ಆಮೇಲೆ ಎಲ್ಲ ಫೈಲ್ ಕಳಿಸಿದರು. ಸಿಲಿಕಾನ್ ಹೋಲ್ಡರ್‌ನಲ್ಲಿ ಮತ್ತೆ ಹಾಕಿ ಅಂದಾಗ ದುಡ್ಡು ತೆಗೆದುಕೊಳ್ಳದೆ ಹಾಕಿಕೊಟ್ಟರು. ಸಿಲಿಕಾನ್ ಪುಡಿಯ ಸ್ಟ್ಯಾಂಡರ್ಡ್ ಓಡಿಸಿ ಮೆಷಿನ್ ಕೋನ ಸರಿ ಇದೆ ಅಂತ ತೋರಿಸಿದರು, ಕೇಳದೆಯೇ. ಆ ಆಪರೇಟರ್ ಹುಡುಗನಿಗೆ ಕಲಿಯುವ ಹುಮ್ಮಸ್ಸಿದೆ. ಪುಡಿಯನ್ನು ಮೇಲಿಂದ ಒತ್ತುವ ಬದಲು ಹೋಲ್ಡರ್‌ನ ಪಕ್ಕದಿಂದ ತುಂಬಿದರೆ ನಾರು ಅಷ್ಟಾಗಿ ಮಲಗುವುದಿಲ್ಲ ಅಂತ ಹೇಳಿದಾಗ ಅಲ್ಲೇ ಮಾಡಿ ನೋಡಿದ. ದೊಡ್ಡ ಪೀಕ್ ತಗ್ಗಿ, (004) ಸ್ವಲ್ಪ ಮೇಲೆ ಬಂತು.

ಬೇರೆ ದಾರಿ ಇಲ್ಲವೇ ಅಂದರೆ ಇದೆ. ದೊಡ್ಡ ಸಂಶೋಧನಾ ಸಂಸ್ಥೆಗಳಲ್ಲಿ ಎರಡು ಆಯಾಮದ ಡಿಟೆಕ್ಟರ್ ಇರುವ ಮೆಷಿನ್‌ಗಳು ಸಿಗುತ್ತವೆ. ಕಿರಣ ಮರದ ತೆಳು ಬಿಲ್ಲೆಯನ್ನು ತೂರಿ ಹೋಗಿ ಹಿಂದೆ ಪೂರ್ತಿ ಉಂಗುರವೇ ಕಾಣುತ್ತದೆ. ಪುಡಿಯಾದರೆ ಸಮನಾದ ಉಂಗುರ, ಮರವಾದರೆ ಉಂಗುರ ಕಡಿದು ಕಮಾನುಗಳಾಗಿರುತ್ತದೆ. (200) ನಾರಿನ ಎಡಬಲಕ್ಕೆ, (004) ನಾರಿನ ಮೇಲೆ ಕೆಳಗೆ. ಅಂದರೆ ದಿಕ್ಕು ಮುಚ್ಚಿಹೋಗುವುದಿಲ್ಲ, ಕಣ್ಣಿಗೇ ಕಾಣುತ್ತದೆ. ಆಮೇಲೆ ಉಂಗುರದುದ್ದಕ್ಕೂ ಕೂಡಿಸುವಾಗ ಸುಮ್ನೆ ಸರಾಸರಿ ತೆಗೆಯಬಾರದು, ನಾರಿನ ಅಕ್ಷದಿಂದ ಎಷ್ಟು ಕೋನ ದೂರವೋ ಅದರ ಸೈನ್‌ನಿಂದ ಗುಣಿಸಿ ಕೂಡಿಸಬೇಕು, ಆಗ ಸರಿಯಾದ ಪುಡಿಯ ಗ್ರಾಫ್‌ಗೆ ಹತ್ತಿರ ಬರುತ್ತದೆ. ಕಮಾನು ಎಷ್ಟು ಅಗಲ ಅಂತ ನೋಡಿ ಮೈಕ್ರೋಫೈಬ್ರಿಲ್ ಕೋನವನ್ನೂ, ಅಂದರೆ ಸೆಲ್ಯುಲೋಸ್ ಕಟ್ಟುಗಳು ನಾರಿನ ಉದ್ದಕ್ಕೆ ಎಷ್ಟು ಓರೆಯಾಗಿವೆ ಅನ್ನುವುದನ್ನೂ, ಲೆಕ್ಕ ಹಾಕಬಹುದು, ಮರ ಎಷ್ಟು ಬಿಗಿ ಎಷ್ಟು ಬಾಗುತ್ತದೆ ಅನ್ನುವುದಕ್ಕೆ ಬಹಳ ಉಪಯೋಗದ ಸಂಗತಿ. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದವರು ಸಿಲ್ವಿಸ್ಕ್ಯಾನ್ ಅಂತ ಇದಕ್ಕೆಂದೇ ಯಂತ್ರ ಮಾಡಿದ್ದಾರೆ. ನಮ್ಮಲ್ಲಿ ಕ್ಯೂ ದೊಡ್ಡದು, ಪತ್ರ ವ್ಯವಹಾರ ಬೇಕು, ತಿಂಗಳುಗಟ್ಟಲೆ ಕಾಯಬೇಕಾಗಬಹುದು.

ಇನ್ನೊಂದು ಎಚ್ಚರಿಕೆ. ಕಿರಣ ತೂರಿಹೋಗುವ ಮೆಷಿನ್‌ನಲ್ಲಿ ಸಾಮಾನ್ಯ ಡಿಟೆಕ್ಟರ್ ಇದ್ದರೆ ಬಿಲ್ಲೆಯನ್ನು ತಿರುಗಿಸಿದ ಕೂಡಲೇ ಎಲ್ಲ ಬದಲಾಗುತ್ತದೆ. ಒಂದು ಕಡೆ ಹಾಕಿದರೆ ಬರೀ (200), ತೊಂಬತ್ತು ಡಿಗ್ರಿ ತಿರುಗಿಸಿದರೆ ಬರೀ (004). ಅಲ್ಲಿ ಸ್ಪಿನ್ನರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಲೇಸರ್ ಬೆಳಕು ಹಾಯಿಸಿ ಚದುರಿದ್ದನ್ನು ನೋಡುವ ರಾಮನ್ ಸ್ಪೆಕ್ಟ್ರಂನಲ್ಲೂ ಅಳೆಯಬಹುದು. 380ರ ಪಟ್ಟಿಯನ್ನು 1096ರ ಪಟ್ಟಿಗೆ ಹೋಲಿಸುವ ವಿಧಾನವನ್ನು ಅಮೆರಿಕದ ಮ್ಯಾಡಿಸನ್‌ನ ಮರದ ಪ್ರಯೋಗಾಲಯದವರು 2010ರಲ್ಲಿ ಕೊಟ್ಟರು. ಆದರೆ ಲೇಸರ್‌ಗೂ ನಾರಿನ ದಿಕ್ಕು ತಾಗುತ್ತದೆ, ಮರದ ಬಣ್ಣ ಹೊಳೆದು ತೊಂದರೆ ಕೊಡುತ್ತದೆ. ಕಾಂತಕ್ಷೇತ್ರದಲ್ಲಿಟ್ಟು ಪರಮಾಣುಗಳ ಸಿಗ್ನಲ್ ನೋಡುವ ಘನವಸ್ತುವಿನ ಎನ್‌ಎಂಆರ್‌ನಲ್ಲಿ ಸ್ಯಾಂಪಲ್ ಜೋರಾಗಿ ತಿರುಗುವುದರಿಂದ ದಿಕ್ಕಿನ ಕಾಟ ಇಲ್ಲ, 89 ಮತ್ತು 84 ಪಿಪಿಎಂನ ಎರಡು ಪೀಕ್ ಹೋಲಿಸುತ್ತಾರೆ. ಜೇಬಿಗೆ ಮಾತ್ರ ಭಾರ.

ಈ ಲ್ಯಾಬ್ ಯಾರಿಗೆ ಸರಿ? ತಮ್ಮದು ಮರದಲ್ಲಿ ಸಹಜವಾಗಿರುವ ಸೆಲ್ಯುಲೋಸ್ ಒಂದು ರೂಪವೋ ಸೆಲ್ಯುಲೋಸ್ ಎರಡು ರೂಪವೋ, ಆಲ್ಕಲಿ (ಕ್ಷಾರ) ಜಾಸ್ತಿ ಆಗಿ ರೂಪ ಬದಲಾಗಿದೆಯೋ ಅಂತ ನೋಡುವವರಿಗೆ ಧಾರಾಳವಾಗಿ ಸರಿ. ಒಂದೇ ರೀತಿ ಕತ್ತರಿಸಿ, ಒಂದೇ ಜರಡಿ ಹಿಡಿದು, ಒಂದೇ ಹೋಲ್ಡರ್‌ನಲ್ಲಿ ಹಾಕಿಸಿ ತಮ್ಮ ಸ್ಯಾಂಪಲ್‌ಗಳನ್ನು ತಮ್ಮತಮ್ಮಲ್ಲೇ ಹೋಲಿಸುವವರಿಗೂ ಸರಿ. ಒಂದು ಸ್ಯಾಂಪಲ್ ಕಳಿಸಿ ರಿಪೋರ್ಟ್‌ನ ಪರ್ಸೆಂಟನ್ನು ಹಾಗೇ ಥೀಸಿಸ್‌ಗೆ ಇಳಿಸುವವರಿಗೆ ಬೇಡ. ಹೋಗುವವರು ಫಾರ್ಮ್‌ನ ರಿಮಾರ್ಕ್ಸ್ ಜಾಗದಲ್ಲಿ ಇಷ್ಟು ಬರೆಯಿರಿ: ಅರೆಯಬೇಡಿ, ಒತ್ತಬೇಡಿ, ಪಕ್ಕದಿಂದ ತುಂಬಿ, ಸಿಲಿಕಾನ್ ಹೋಲ್ಡರ್, ಹೋಲ್ಡರ್ ಖಾಲಿ ಇದ್ದಾಗಿನ ಒಂದು ಸ್ಕ್ಯಾನ್, 10ರಿಂದ 40 ಡಿಗ್ರಿ ನಿಧಾನ ಸ್ಕ್ಯಾನ್, ಮೂಲ ಡೇಟಾ. ಪ್ರತಿ ಸ್ಯಾಂಪಲ್ ಖಾಲಿ ಮಾಡಿ ಹೊಸದಾಗಿ ತುಂಬಿ ಮತ್ತೆ ಅಳೆಯಲು ಹೇಳಿ. ಒಂದೇ ಪುಡಿಯನ್ನು ಮತ್ತೆ ತುಂಬಿದಾಗ ನಂಬರ್ ಎಷ್ಟು ಅಲ್ಲಾಡುತ್ತದೋ, ಅದಕ್ಕಿಂತ ಸಣ್ಣ ವ್ಯತ್ಯಾಸವನ್ನು ಫಲಿತಾಂಶ ಅಂತ ಕರೆಯಬೇಡಿ. (004) ಪೀಕ್ ಇದೆಯೇ ಅಂತ ನೋಡಿ, ಪೂರ್ತಿ ಇಲ್ಲದಿದ್ದರೆ ನಾರು ಮಲಗಿದೆ.

ನನ್ನ ಮುಂದಿನ ಬ್ಯಾಚ್ ಕೂಡ ಅಲ್ಲಿಗೇ ಕೊಡುತ್ತಿದ್ದೇನೆ. ಹೋಲ್ಡರ್ ನಾನೇ ತುಂಬುತ್ತೇನೆ, ಪರ್ಸೆಂಟ್ ಲೆಕ್ಕ ಹಾಕುವುದು ಬೇಡ, ಅದರ ಚಾರ್ಜ್ ಬಿಲ್‌ನಿಂದ ತೆಗೆಯಿರಿ ಅಂದೆ. ಒಪ್ಪಿದ್ದಾರೆ.